ಅಡಿಟಿಪ್ಪಣಿ ಇಲ್ಲದ ದುರುಗಮ್ಮ

ಬೇರೆಯವರು ಬರೆದದ್ದರ ಮೇಲೆ ಗೆರೆ ಎಳೆಯುವುದರಲ್ಲಿ ಒಂದು ಸುಖವಿದೆ. ಅದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು. ಸ್ವಂತ ಒಂದು ಪುಟ ಬರೆಯಬೇಕಾದರೆ ಬೆವರಿಳಿಯುತ್ತದೆ. ಇನ್ನೊಬ್ಬರ ಪುಟ ಹೊಡೆದುಹಾಕಲು ಕೆಂಪು ಶಾಯಿಯ ಪೆನ್ನು, ಕೂರಲು ಒಂದಿಷ್ಟು ಜಾಗ ಇದ್ದರೆ ಸಾಕು. ತೊಂಬತ್ತರ ದಶಕದಲ್ಲಿ ಠಾಣೆ ಪಟ್ಟಣದ ನಮ್ಮ ಲಾ ಕಾಲೇಜು ತನ್ನ ಜರ್ನಲ್ಲಿಗೆ ನನ್ನನ್ನು ವಿದ್ಯಾರ್ಥಿ ಸಂಪಾದಕನನ್ನಾಗಿ ಮಾಡಿ ಪೆನ್ನು ಕೊಟ್ಟಿತು. ಜಾಗವನ್ನು ನಾನೇ ಹುಡುಕಿಕೊಳ್ಳಬೇಕಿತ್ತು. ಠಾಕುರ್ಲಿಯಲ್ಲಿ ಬೆಳಗಿನ ಸ್ಲೋ ಲೋಕಲ್ ಹತ್ತಿದರೆ, ಮೂವರು ಕೂರುವ ಬೆಂಚಿನ ತುದಿಯಲ್ಲಿ ನಾಲ್ಕನೆಯವನಾಗಿ ಅರ್ಧ ಕೂರಬಹುದು. ಹಾಗೆ ಅರ್ಧ ಕೂತು ಪೂರ್ತಿ ಅಧಿಕಾರ ಚಲಾಯಿಸುತ್ತಿದ್ದೆ. ರೈಲು ಜಗ್ಗಿದಾಗ ಒಂದು ಶಬ್ದಕ್ಕೆಂದು ಎಳೆದ ಗೆರೆ ಎರಡು ಸಾಲಿಗೆ ಹರಿಯುತ್ತಿತ್ತು. ಹರಿದದ್ದನ್ನು ಹಾಗೆಯೇ ಬಿಡುತ್ತಿದ್ದೆ. ಕೈ ತಪ್ಪಿತೆಂದು ಸಂಪಾದಕ ಒಪ್ಪಿಕೊಳ್ಳುವುದುಂಟೇ?

ನಾನು ಸಂಪಾದಕನಾದದ್ದು ಸಣ್ಣ ಮಾತಲ್ಲ. ಅಪ್ಪ ವಿಜಾಪುರದ ಕಡೆಯಿಂದ ಬಂದು ಕಲ್ಯಾಣದಲ್ಲಿ ಲಾರಿಗೆ ಮೂಟೆ ಏರಿಸುತ್ತಿದ್ದವನು. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಕಂಡ ಮೊದಲಿಗ ನಾನು. ಇದನ್ನು ಹೇಳುವಾಗ ಈಗಲೂ ಎದೆ ಸ್ವಲ್ಪ ಉಬ್ಬುತ್ತದೆ, ಉಬ್ಬಲಿ. ಚಾಳಿನ ಸಾಲುಮನೆಯ ನಮ್ಮ ಒಂದೇ ಕೋಣೆಯಲ್ಲಿ ಕಾನೂನಿನ ಇಂಗ್ಲಿಷನ್ನು ಗಟ್ಟಿಯಾಗಿ ಓದುತ್ತಿದ್ದೆ. ನಡುವೆ ಲ್ಯಾಟಿನ್ ಬಂದರೆ ಅಪ್ಪ, ಇದು ಯಾವ ದೇವರ ಮಂತ್ರ, ಅವನಿಗೆ ನೈವೇದ್ಯ ಏನು ಬೇಕಂತೆ, ಎಂದು ಕೇಳುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಆ ದೇವರು ಎಂಥ ನೈವೇದ್ಯ ಬೇಡುತ್ತಾನೆಂದು ಆಗ ನನಗೂ ತಿಳಿದಿರಲಿಲ್ಲ.

ಜರ್ನಲ್ಲಿಗೆ ಇದ್ದದ್ದು ಒಂದೇ ಕಟ್ಟಳೆ. ಪ್ರತಿ ಮಾತಿಗೂ ಪುಟದ ಕೆಳಗೆ ಅಡಿಟಿಪ್ಪಣಿ ಇರಬೇಕು: ಯಾವ ಪುಸ್ತಕ, ಯಾವ ತೀರ್ಪು, ಎಷ್ಟನೇ ಪುಟ. ಟಿಪ್ಪಣಿ ಇಲ್ಲದ ಮಾತು ಹೊರಗೆ. ಕಟ್ಟಳೆ ಮಾಡಿದವರು ಪ್ರೊಫೆಸರು. ಅದನ್ನು ವ್ರತ ಮಾಡಿಕೊಂಡವನು ನಾನು. ವಕೀಲರೊಬ್ಬರ ಮಗ ಮೂರು ಪುಸ್ತಕಗಳಿಂದ ಮೂರು ತುಂಡು ಕತ್ತರಿಸಿ ಹೊಲಿದ ಲೇಖನವೊಂದನ್ನು ತಂದ. ಪ್ರತಿ ಪುಟದ ಕೆಳಗೂ ಟಿಪ್ಪಣಿಗಳ ಇರುವೆಸಾಲು. ಅದರಲ್ಲಿ ಅವನದೆನ್ನುವುದು ಅವನ ಹೆಸರೊಂದೇ. ಒಂದು ಅಲ್ಪವಿರಾಮ ಸೇರಿಸಿ ಪಾಸು ಮಾಡಿದೆ.

ಆಮೇಲೆ ಸುಜಾತಾಳ ಲೇಖನ ಬಂತು. ನನಗಿಂತ ಎರಡು ಕ್ಲಾಸು ಕೆಳಗಿನವಳು, ರಾಯಚೂರಿನ ಕಡೆಯವರ ಮಗಳು. ಘಣಸೋಲಿಯಲ್ಲಿ ಏಳುತ್ತಿದ್ದ ಹೊಸ ಕಟ್ಟಡಗಳಲ್ಲಿ ಅವಳ ಅಪ್ಪ ಅವ್ವ ಕೂಲಿ. ಲೇಖನ ಕಟ್ಟಡ ಕೂಲಿಗಳ ಅಪಘಾತ ಪರಿಹಾರದ ಕುರಿತು. ನಾಲ್ಕು ಪುಟ ಎಲ್ಲರ ಲೇಖನದಂತೆಯೇ ಇತ್ತು. ಐದನೆಯ ಪುಟದಲ್ಲಿ ಅವಳ ಅವ್ವ ದುರುಗಮ್ಮ ಮಾತಾಡುತ್ತಿದ್ದಳು. ಗಂಡ ಹೆಂಡತಿಯನ್ನು ಒಂದು ಜೋಡಿ ಎಂದು ಕೆಲಸಕ್ಕೆ ಹಿಡಿಯುತ್ತಾರೆ. ಕೂಲಿಗಳ ಮೇಲಿನ ಮುಕಾದಮ ಹಾಜರಿ ಪುಸ್ತಕದಲ್ಲಿ ಬರೆಯುವುದು ಗಂಡನ ಹೆಸರು ಮಾತ್ರ. ಇಟ್ಟಿಗೆ ಹೊತ್ತು ಎರಡನೇ ಮಾಳಿಗೆಗೆ ಏರುವಾಗ ಹಲಗೆ ಜಾರಿ ದುರುಗಮ್ಮ ಬಿದ್ದು ಕಾಲು ಮುರಿದುಕೊಂಡಳು. ಪರಿಹಾರ ಕೇಳಲು ಹೋದಾಗ ಅದೇ ಪುಸ್ತಕ ತೆರೆದು ತೋರಿಸಿದರಂತೆ: ಈ ಹೆಸರಿನ ಹೆಂಗಸು ಇಲ್ಲಿ ಕೆಲಸಕ್ಕೇ ಬಂದಿಲ್ಲ.

ಆ ಪುಟಕ್ಕೆ ಅಡಿಟಿಪ್ಪಣಿ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದೆ. ರೈಲು ಆಗ ದಿವಾ ಸ್ಟೇಷನ್ನಿನಲ್ಲಿ ಸುಮ್ಮನೆ ನಿಂತಿತ್ತು.

ಮರುದಿನ ಕ್ಯಾಂಟೀನಿನಲ್ಲಿ ಸುಜಾತಾ ಆ ಹಾಳೆಯನ್ನು ನನ್ನ ಮುಂದಿಟ್ಟಳು. ಅವ್ವನ ಹೆಸರು ಯಾವುದಾದರೂ ಒಂದು ಪುಸ್ತಕದಲ್ಲಿ ಬರಬೇಕು, ಅದಕ್ಕೇ ಇಷ್ಟೆಲ್ಲ ಬರೆದದ್ದು, ಎಂದಳು. ನಾನು ಕಟ್ಟಳೆ ಹೇಳಿದೆ.

"ಯಾವ ಬುಕ್‌ನಾಗ ಹುಡುಕ್ಲಿ ಅಣ್ಣಾ? ಬಿದ್ದಾಕಿ ನಮ್ಮವ್ವ."

"ಜರ್ನಲ್ ಐತಿ ಸುಜಾತಾ ಇದು. ಕಟ್ಟಿ ಮ್ಯಾಲೆ ಕುಂತು ಆಡೋ ಮಾತಲ್ಲ."

"ನಿಮ್ಮವ್ವ ಬಿದ್ದಿದ್ರೂ ಹಿಂಗೇ ಅಂತಿದ್ರೇನು?"

ನಾನು ಚಹಾ ಕುಡಿದೆ.

ಈಗ ಯೋಚಿಸಿದರೆ ನಗು ಬರುತ್ತದೆ, ಸುಖದ ನಗುವಲ್ಲ. ಅದೇ ವರ್ಷ ನಾನು ಸಾಕ್ಷ್ಯ ಕಾನೂನು ಓದಿ ಒಳ್ಳೆಯ ಅಂಕ ತಗೊಂಡಿದ್ದೆ. ಆ ಕಾನೂನು ಹೇಳುವುದೇನು? ಕಣ್ಣಾರೆ ಕಂಡವರ ಮಾತು ಸಾಕ್ಷಿ. ಅವರಿವರಿಂದ ಕೇಳಿದ ಮಾತು ಸಾಮಾನ್ಯವಾಗಿ ಸಾಕ್ಷಿಯಲ್ಲ. ಹಾಗೆ ನೋಡಿದರೆ ಅಡಿಟಿಪ್ಪಣಿಯೇ ಕೇಳಿದ ಮಾತು, ಇಡೀ ಜರ್ನಲ್ಲಿನಲ್ಲಿ ಸಾಕ್ಷಿ ಎಂದರೆ ದುರುಗಮ್ಮ ಒಬ್ಬಳೇ. ಪರೀಕ್ಷೆಯಲ್ಲಿ ಬರೆದದ್ದು ಪೆನ್ನಿನವರೆಗೆ ಇಳಿಯಲಿಲ್ಲ. ನಿಜ ಹೇಳಬೇಕೆಂದರೆ ಕಟ್ಟಳೆಯೂ ನೆಪವೇ. ಆ ಪುಟ ನಮ್ಮ ಮನೆಯಂತೆ ಮಾತಾಡುತ್ತಿತ್ತು. ಜಡ್ಜುಗಳು ಓದುವ ಜರ್ನಲ್ಲಿನಲ್ಲಿ ನಮ್ಮ ಮನೆಯ ದನಿ ಕೇಳಿಸಿದರೆ ಮುಂದೆ ನನ್ನ ಕಡೆಗೂ ಕಣ್ಣು ಹೊರಳುತ್ತದೆ ಎಂಬ ಭಯ. ವಕೀಲರ ಮಗ ಸಂಪಾದಕನಾಗಿದ್ದರೆ ಬಹುಶಃ ಆ ಪುಟ ಉಳಿಯುತ್ತಿತ್ತು. ಮುಕಾದಮ ಒಮ್ಮೆ ಬಿಟ್ಟ ಹೆಸರನ್ನು ನಾನು ಎರಡನೆಯ ಸಲ ಬಿಟ್ಟೆ.

ಜರ್ನಲ್ಲಿನ ಬಿಡುಗಡೆಯ ದಿನ ದುರುಗಮ್ಮ ಬಂದಳು. ಘಣಸೋಲಿಯಿಂದ ಎರಡು ಬಸ್ಸು ಬದಲಿಸಿ, ಕಾಲು ಎಳೆಯುತ್ತ. ಪುಟ ಹೋಯಿತೆಂದು ಹೇಳಲು ಮಗಳಿಗೆ ಬಾಯಿ ಬಂದಿರಲಿಲ್ಲ. ಭಾಷಣಗಳು ಮುಗಿದ ಮೇಲೆ, ನಾನೂ ಕನ್ನಡದವನೆಂದು ತಿಳಿದು, ಹೊಸ ಜರ್ನಲ್ಲನ್ನು ನನ್ನ ಕೈಗೇ ಕೊಟ್ಟಳು.

"ನನ್ನ ಮಾತು ಎಲ್ಲಿ ಅದ ತಮ್ಮಾ? ಓದಿ ಹೇಳು."

ಸುಜಾತಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಲೇಖನ ತೆರೆದು, ಯಾವುದೋ ತೀರ್ಪಿನ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು, ಐದನೆಯ ಪುಟವನ್ನು ಕನ್ನಡದಲ್ಲಿ ಹೇಳತೊಡಗಿದೆ. ಒಂದು ಸಾಲೂ ಮರೆತಿರಲಿಲ್ಲ. ಹೊಡೆದುಹಾಕುವವನಷ್ಟು ಗಮನವಿಟ್ಟು ಇನ್ಯಾರು ಓದುತ್ತಾರೆ? ಜೋಡಿ, ಮುಕಾದಮ, ಹಾಜರಿ ಎಲ್ಲ ಬಂತು. ದುರುಗಮ್ಮ ತಲೆದೂಗುತ್ತಿದ್ದಳು. ಇಟ್ಟಿಗೆ ಹೊತ್ತು ಏರುವಾಗ ಎಂಬಲ್ಲಿ ಕೈ ಅಡ್ಡ ಹಿಡಿದಳು.

"ಇಟ್ಟಂಗಿ ಅಲ್ಲೋ ತಮ್ಮಾ, ಉಸುಕು. ಇಟ್ಟಂಗಿ ಹೊರ್ತಿದ್ದಾಕಿ ಲಕ್ಷ್ಮವ್ವ. ಪುಸ್ತಕದಾಗ ಸುಳ್ಳು ಇರಬಾರ್ದು, ತಿದ್ದು."

ಸುಜಾತಾ ತನ್ನ ಪೆನ್ನು ಮುಂದೆ ಹಿಡಿದಳು. ಸಂಬಂಧವೇ ಇಲ್ಲದ ಆ ತೀರ್ಪಿನ ಪಕ್ಕದ ಅಂಚಿನಲ್ಲಿ ನಾನು ಕನ್ನಡದಲ್ಲಿ 'ಉಸುಕು' ಎಂದು ಬರೆದೆ. ಓದು ಬಾರದ ದುರುಗಮ್ಮ ಕೊನೆಯ ಕೊಂಬು ಮುಗಿಯುವವರೆಗೂ ಬಗ್ಗಿ ನೋಡಿ, ಈಗ ಸರಿ ಆತು, ಎಂದಳು.

ಮರುವರ್ಷ ಸುಜಾತಾ ಲೇಖನ ಕೊಡಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ. ಆ ಜರ್ನಲ್ಲಿನಲ್ಲಿ ನಾನು ಮಾಡಿದ ನೂರಾರು ತಿದ್ದುಪಡಿಗಳಲ್ಲಿ ಇವತ್ತು ಯಾರ ಮುಂದೆಯಾದರೂ ನಿಂತು ಸಮರ್ಥಿಸಬಲ್ಲದ್ದು ಅದೊಂದೇ. ಅದು ಇರುವುದೂ ಒಂದೇ ಪ್ರತಿಯಲ್ಲಿ.