ಮೆಣಸಿನಕಾಯಿ ಹೊತ್ತ ಅಪವಾದ

ಬ್ಯಾಡಗಿಯಲ್ಲಿ ಯಾರೂ ಡಾಕ್ಟರ ಮುಂದೆ ಕೆಮ್ಮಿನ ಮಾತೆತ್ತುವುದಿಲ್ಲ. ಸುಗ್ಗಿಯ ಕಾಲದಲ್ಲಿ ಮಾರ್ಕೆಟ್ಟಿನ ತುಂಬ ಮೆಣಸಿನಕಾಯಿ ಚೀಲಗಳು ಬಾಯಿ ಬಿಚ್ಚಿ ನಿಂತಾಗ ಊರಿಗೆ ಊರೇ ಕೆಮ್ಮುತ್ತದೆ. ಅಯ್ಯನವರು ಮಂತ್ರದ ನಡುವೆ ಕೆಮ್ಮುತ್ತಾರೆ, ಮದುಮಗ ತಾಳಿ ಕೈಯಲ್ಲಿ ಹಿಡಿದುಕೊಂಡೇ ಸೀನುತ್ತಾನೆ. ಬಸ್ಸಿಳಿದ ಪರ ಊರಿನವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಇವರು ಹೇಗೆ ಬದುಕಿದ್ದಾರೆ ಎಂದು ನಮ್ಮ ಮುಖ ನೋಡುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ, ನಕ್ಕು ಮತ್ತೆ ಕೆಮ್ಮುತ್ತೇವೆ.

ನಮ್ಮಪ್ಪ ಆ ಮಾರ್ಕೆಟ್ಟಿನಲ್ಲೇ ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತು ಕೂದಲು ಬಿಳಿ ಮಾಡಿಕೊಂಡವನು. ಅಣ್ಣ ದೊಡ್ಡವನಾಗಿ ಅಂಗಡಿ ನೋಡಿಕೊಳ್ಳತೊಡಗಿದರೂ ಅಪ್ಪ ಗಾದಿ ಬಿಟ್ಟಿರಲಿಲ್ಲ. ರೈತರು ಚೀಲ ಇಳಿಸಿದ ಕೂಡಲೇ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲುಗಾಡಿಸಿ, ಮುರಿದು, ಮೂಸಿ, ಆಮೇಲೆಯೇ ಮಾತು. "ನಮ್ಮ ಕಾಯಿ ಬಣ್ಣಕ್ಕವಾ, ಖಾರಕ್ಕಲ್ಲ. ಗುಂಟೂರಿನ ಕಾಯಿ ಬೈತೈತಿ, ನಮ್ಮದು ಮಾತಾಡಸ್ತೈತಿ" ಎನ್ನುತ್ತಿದ್ದ. ಮಕ್ಕಳಾದ ನಮ್ಮ ಬಗ್ಗೆ ಇಷ್ಟು ಒಳ್ಳೆಯ ಮಾತು ಅವನ ಬಾಯಿಂದ ಬಂದದ್ದು ನನಗಂತೂ ನೆನಪಿಲ್ಲ.

ಹಿಂದಿನ ವರ್ಷ ದೀಪಾವಳಿ ಮುಗಿದ ಮೇಲೆ ಅಪ್ಪನಿಗೆ ತಲೆ ತಿರುಗಿತು. ಡಾಕ್ಟರು ಬಿ.ಪಿ. ಜಾಸ್ತಿ ಇದೆ ಎಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅವತ್ತಿನಿಂದ ನನಗೂ ಅವ್ವನಿಗೂ ಫೋನಿನಲ್ಲಿ ಜಗಳ ಶುರುವಾಯಿತು. ನಾನು ರಾಣೆಬೆನ್ನೂರಿಗೆ ಕೊಟ್ಟ ಮಗಳು. ಗಂಡನ ಜೊತೆ ಬೀಜದ ಅಂಗಡಿ ನಡೆಸುತ್ತೇನೆ, ಸಿಟ್ಟು ಮೂಗಿನ ತುದಿಯಲ್ಲಿ, ಅದೂ ಅವ್ವನಿಂದಲೇ ಬಂದದ್ದು.

"ಗುಳಿಗಿ ಒಂದು ರೋಗ ಕಳೀತೈತಿ, ನಾಕು ರೋಗ ಕರ್ಕೊಂಡು ಬರತೈತಿ" ಎಂದು ಅವ್ವ. ಅವಳ ದವಾಖಾನೆ ಅಡುಗೆಮನೆಯ ಕಪಾಟಿನಲ್ಲಿತ್ತು: ಹಿಪ್ಪಲಿ, ಶುಂಠಿ, ಓಮ, ಒಣಗಿಸಿದ ಬೇರುಗಳು.

"ನಿನ್ನ ಬೇರಿಗೆ ಕಂಪನಿ ಇಲ್ಲ, ಚೀಟಿ ಇಲ್ಲ. ಏನು ಅಡ್ಡ ಪರಿಣಾಮ ಐತಿ ಅಂತ ಯಾರಿಗ್ಗೊತ್ತು?" ಎಂದು ನಾನು.

"ಅಡ್ಡಾನೂ ಇಲ್ಲ ಉದ್ದಾನೂ ಇಲ್ಲ. ನಿನ್ನ ನಾಯಿಕೆಮ್ಮು ಹೋಗಿದ್ದು ಯಾತರಿಂದ? ಹಿತ್ತಲ ಗಿಡ ಮದ್ದಲ್ಲ ನಿಮಗ. ಇಡು ಫೋನು."

ಅವ್ವ ಏನೇ ಅಂದರೂ ಗುಳಿಗೆ ಕೆಲಸ ಮಾಡಿತು, ತಲೆ ತಿರುಗುವುದು ನಿಂತಿತು. ನಾನು ಗೆದ್ದೆ ಎಂದು ಬೀಗುವಷ್ಟರಲ್ಲಿ ಕೆಮ್ಮು ಶುರುವಾಯಿತು. ಒಣ ಕೆಮ್ಮು, ಕಫ ಇಲ್ಲ ಜ್ವರ ಇಲ್ಲ, ಗಂಟಲಲ್ಲಿ ಯಾರೋ ಗರಿ ಆಡಿಸಿದಂತೆ ಕಚಗುಳಿ. ಆಗಲೇ ಹೊಸ ಕಾಯಿ ಮಾರ್ಕೆಟ್ಟಿಗೆ ಬರತೊಡಗಿತ್ತು. ಎಲ್ಲರೂ ಒಂದೇ ಮಾತು ಅಂದರು, ಮೆಣಸಿನಕಾಯಿ ಘಾಟು. ಅಪ್ಪನೂ ಹಾಗೇ ಅಂದ. ಬ್ಯಾಡಗಿಯಲ್ಲಿ ಕೆಮ್ಮು ಬಂದರೆ ಬೇರೆ ಏನನ್ನಾದರೂ ಯಾಕೆ ಅನುಮಾನಿಸಬೇಕು?

ಅವ್ವನಿಗೆ ಹಬ್ಬವಾಯಿತು. ಕಪಾಟಿನಿಂದ ಜ್ಯೇಷ್ಠಮಧು ಹೊರಬಂತು. ಅದು ಅಗಿದರೆ ಸಿಹಿ ಬಿಡುವ ಬೇರು, ಗಂಟಲಿಗೆ ತಂಪು. ಬೆಳಿಗ್ಗೆ ಕಷಾಯ, ಸಂಜೆ ಕಷಾಯ, ನಡುವೆ ಚಪ್ಪರಿಸಲು ಅಂಗಿಯ ಕಿಸೆಯಲ್ಲಿ ಬೇರಿನ ತುಂಡು. ಅಪ್ಪನಿಗೆ ಅದು ಬಹಳ ರುಚಿಸಿತು. ಸ್ವಲ್ಪ ಹೊತ್ತು ಆರಾಮವೂ ಆಗುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಮುಂದಿನ ಸಲ ಡಾಕ್ಟರು ನೋಡಿದಾಗ ಬಿ.ಪಿ. ಮತ್ತೆ ಏರಿತ್ತು. ಅವರು ಗುಳಿಗೆಯ ಪವರು ಏರಿಸಿದರು. ಕೆಮ್ಮು ಜೋರಾಯಿತು. ಅವ್ವ ಬೇರು ಜಾಸ್ತಿ ಮಾಡಿದಳು. ಬಿ.ಪಿ. ಇನ್ನೂ ಏರಿತು. ಈಗ ಹೇಳುವಾಗ ನಗು ಬರುತ್ತದೆ, ಆಗ ಅಳು ಬರುತ್ತಿತ್ತು.

ಅಪ್ಪ ರಾತ್ರಿಯೆಲ್ಲ ಎದ್ದು ಕೂತು ಕೆಮ್ಮತೊಡಗಿದ ಮೇಲೆ ಅಣ್ಣ ಗಾಬರಿಯಾದ. ಇನ್ನು ಅಪ್ಪ ಮಾರ್ಕೆಟ್ಟಿಗೆ ಕಾಲಿಡುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾಯಿತು. ಸುಗ್ಗಿ ಮುಗಿಯುವ ತನಕ ರಾಣೆಬೆನ್ನೂರಿನಲ್ಲಿ ನನ್ನ ಮನೆಯಲ್ಲಿ ಇರಬೇಕು, ಆಮೇಲೂ ಗಾದಿ ಅಣ್ಣನದೇ. ಜನ್ಮದಲ್ಲಿ ಮೊದಲ ಸಲ ನಾನೂ ಅವ್ವನೂ ಒಂದೇ ಮಾತಿಗೆ ಹೂಂ ಅಂದೆವು. ಅಪ್ಪ ನನ್ನ ಜೊತೆ ಬಸ್ಸಿನಲ್ಲಿ ಕೂತು ಮೋಟೆಬೆನ್ನೂರು ದಾಟುವ ತನಕ ಹಿಂದಕ್ಕೇ ನೋಡುತ್ತಿದ್ದ.

ನಾನು ಏನಾದರೂ ಮಾಡಿದರೆ ಪೂರ್ತಿ ಮಾಡುವವಳು. ಮನೆಯಿಂದ ಖಾರಪುಡಿಯ ಡಬ್ಬಿಯನ್ನೇ ಪಕ್ಕದ ಮನೆಗೆ ಸಾಗಿಸಿದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಬಂದ್. ಅಪ್ಪನಿಗೆ ರೊಟ್ಟಿ, ಸಪ್ಪೆ ಬೇಳೆ, ಮೊಸರು. ನನ್ನ ಗಂಡನಿಗೂ ಅದೇ ಶಿಕ್ಷೆ.

"ಮಾವನವರಿಗೆ ಕೆಮ್ಮು ಬಂದ್ರ ನನಗ ಯಾಕಲೇ ಸಪ್ಪನ ಬ್ಯಾಳಿ?" ಎಂದು ಅವರು ಗೊಣಗಿದರು.

"ಸುಮ್ಮ ಉಣ್ರಿ" ಅಂದೆ.

ಕೆಮ್ಮು ಮಾತ್ರ ಜಗ್ಗಲಿಲ್ಲ. ವಾರಗಳು ಉರುಳಿದವು, ಅಪ್ಪ ಅದೇ ಠೀವಿಯಿಂದ ಕೆಮ್ಮುತ್ತಿದ್ದ. ಮಾರ್ಕೆಟ್ಟಿನ ದಿನ ಬಂದರೆ ಬೆಳಿಗ್ಗೆಯೇ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಟೊಪ್ಪಿಗೆ ಹಾಕಿಕೊಂಡು ನಮ್ಮ ಕಟ್ಟೆಯ ಮೇಲೆ ಕೂರುವನು. ಅಣ್ಣನಿಗೆ ಫೋನು ಹಚ್ಚಿ, "ಬಣ್ಣ ಹೆಂಗೈತಪಾ? ಕಾಯಿ ಒಣಗೇತೇನು? ಲಗೂ ಹೇಳು" ಎನ್ನುವನು. ಅಣ್ಣ ಅವಸರದಲ್ಲಿ "ಛಲೋ ಐತಪಾ" ಎಂದು ಇಟ್ಟುಬಿಡುತ್ತಿದ್ದ. ಅಪ್ಪ ಫೋನನ್ನು ಸ್ವಲ್ಪ ಹೊತ್ತು ಕಿವಿಯಲ್ಲೇ ಹಿಡಿದುಕೊಂಡಿರುತ್ತಿದ್ದ. ಒಂದು ದಿನ ಊಟದ ಹೊತ್ತಿಗೆ ಕಾಣಲಿಲ್ಲವೆಂದು ಹುಡುಕಿಕೊಂಡು ಹೋದರೆ, ದೊಡ್ಡ ರಸ್ತೆಯ ಬದಿ ಚಹಾ ಕುಡಿಯಲು ನಿಂತ ಮೆಣಸಿನಕಾಯಿ ಲಾರಿಯ ಹಿಂದೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ!

"ಅಪ್ಪಾ! ಏನು ಮಾಡಾಕತ್ತೀದಿ?"

"ಏನಿಲ್ಲವಾ. ಯಾವ ಕಡೆ ಕಾಯಿ ಅಂತ ನೋಡಾಕತ್ತಿದ್ನಿ."

ಬೈಯಲು ಬಾಯಿ ತೆರೆಯುವಷ್ಟರಲ್ಲಿ ಒಂದು ವಿಷಯ ನಮ್ಮಿಬ್ಬರಿಗೂ ಹೊಳೆಯಿತು. ಲಾರಿಯ ಹತ್ತಿರ ಅಪ್ಪ ಸೀನಿದ್ದನೇ ಹೊರತು ಕೆಮ್ಮು ಒಂದಿಷ್ಟೂ ಜಾಸ್ತಿಯಾಗಿರಲಿಲ್ಲ. ಮನೆಯಲ್ಲಿ ಎಷ್ಟೋ ಅಲ್ಲಿಯೂ ಅಷ್ಟೇ. ಅಪ್ಪ ರಸ್ತೆಯ ಬದಿಯಲ್ಲೇ ನಿಂತು ನನ್ನ ಕಡೆ ಬೆರಳು ಮಾಡಿದ.

"ಮಾಲು ಬದಲಿ ಮಾಡಿದ್ರೂ ತೂಕ ಅಷ್ಟ ತೋರಿಸಿದ್ರ ತಪ್ಪು ಮಾಲಿಂದಲ್ಲವಾ, ತಕ್ಕಡೀದು. ನಿನ್ನ ಮನ್ಯಾಗ ಹೆಸರಿಗೊಂದು ಮೆಣಸಿನಕಾಯಿ ಇಲ್ಲ. ಮತ್ತ ಈ ಕೆಮ್ಮು ಎಲ್ಲಿಂದ ಬಂತು? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ ಹಾಕೀರಿ ನೀವೆಲ್ಲ!"

ಆ ಸಂಜೆ ಅವ್ವ ಇನ್ನೊಂದು ಗಂಟು ಜ್ಯೇಷ್ಠಮಧು ಹಿಡಿದುಕೊಂಡು ಬಂದಳು. ಬರುವಾಗ ಕದರಮಂಡಲಗಿ ಹನುಮಪ್ಪನಿಗೆ ಹರಕೆಯನ್ನೂ ಹೊತ್ತು ಬಂದಿದ್ದಳು. ಅಪ್ಪ ಆ ಬೇರಿನ ಗಂಟನ್ನೂ ಗುಳಿಗೆಯ ಪಟ್ಟಿಯನ್ನೂ ಒಂದೇ ಕೈಚೀಲಕ್ಕೆ ಹಾಕಿದ. "ನಾಳೆ ಬ್ಯಾಡಗಿಗೆ ಹೋಗೂದು. ಇವರಿಬ್ಬರನೂ ಡಾಕ್ಟರ ಮುಂದ ನಿಲ್ಲಸ್ತೇನಿ" ಅಂದ. ಮರುದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಬೇರಿನದೇ ತಪ್ಪು ಅಂದೆ, ಅವ್ವ ಗುಳಿಗೆಯದೇ ಅಂದಳು. ಹಿಂದಿನ ಸೀಟಿನವರು ಕಿವಿಗೆ ಟವೆಲ್ ಸುತ್ತಿಕೊಂಡರು.

ಡಾಕ್ಟರು ಆರಾಮಾಗಿ ಕೂಡಿಸಿ ಕೇಳಿದರು. "ಯಜಮಾನ್ರ, ಈ ಕೆಮ್ಮು ಯಾವಾಗಿಂದ?"

"ಗುಳಿಗಿ ಚಾಲೂ ಮಾಡಿದ ಮ್ಯಾಲೆರಿ."

"ನನ್ನ ಮುಂದ ಹೇಳಲೇ ಇಲ್ಲಲ್ಲ?"

"ಬ್ಯಾಡಗ್ಯಾಗ ಕೆಮ್ಮು ಏನಂತ ಹೇಳೂದ್ರಿ, ಸಾಹೇಬ್ರ?"

ಡಾಕ್ಟರು ನಗಲು ಹೋಗಿ ತಾವೇ ಕೆಮ್ಮಿದರು. ಅವರ ಕಿಟಕಿ ಮಾರ್ಕೆಟ್ಟಿನ ಕಡೆಗೇ ಇತ್ತು. "ನೀವು ನನ್ನ ಮುಂದ ಕೆಮ್ಮಿದ್ರೂ ನನ್ನ ಕಿವಿಗೆ ಬಿದ್ದಿಲ್ಲ ನೋಡ್ರಿ. ಊರ ಕೆಮ್ಮು ಅಂತ ಬಿಟ್ಟೇನಿ" ಎಂದು ಗುಳಿಗೆಯ ಪಟ್ಟಿ ಎತ್ತಿಕೊಂಡರು. "ಈ ಜಾತಿ ಗುಳಿಗಿ ಕೆಲವರಿಗೆ ಒಣ ಕೆಮ್ಮು ತರತೈತಿ. ಎಲ್ಲಾರಿಗೂ ಅಲ್ಲ. ನಿಮಗ ತಂದೈತಿ."

ಅವ್ವ ಸೆರಗು ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದಳು. "ಕೇಳಿದಿ ಏನವಾ? ನಾ ಹೇಳಿದ್ರ ಹಳ್ಳಿ ಮುದುಕಿ ಮಾತು." ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಇನ್ನೊಂದು ವರ್ಷ ಇವಳ ಬಾಯಿ ಮುಚ್ಚಿಸಲಾಗದು ಎಂದುಕೊಂಡೆ.

ಅಷ್ಟರಲ್ಲಿ ಡಾಕ್ಟರು ಬೇರಿನ ಗಂಟು ಬಿಚ್ಚಿದರು. "ಇದೇನು, ಜ್ಯೇಷ್ಠಮಧು? ಎಷ್ಟು ತಿಂತಾರ?"

"ಅದು ಔಷಧ ಅಲ್ಲರಿ, ಬೇರು" ಅಂದಳು ಅವ್ವ. "ಮುಂಜಾನಿ ಸಂಜಿ ಕಷಾಯ. ಮತ್ತ ಸುಮ್ಮ ಬಾಯಾಗ ಇಟ್ಕೊಳ್ಳಾಕ ಒಂದೀಟು."

"ಒಂದೀಟಲ್ಲರಿ, ಕಿಸೆ ತುಂಬ!" ನನಗೆ ತಡೆಯಲಾಗಲಿಲ್ಲ.

ಡಾಕ್ಟರು ತಲೆ ಮೇಲೆ ಕೈ ಇಟ್ಟುಕೊಂಡರು. "ಯವ್ವಾ, ಗಂಟಲಿಗೆ ಇದು ಛಲೋನ. ನಾಕು ದಿನಕ್ಕ, ಬಿ.ಪಿ. ಇಲ್ಲದವರಿಗೆ. ಆದ್ರ ದಿನಾ ಹಿಂಗ ತಿಂದ್ರ ಬಿ.ಪಿ. ಏರಸ್ತೈತಿ. ನೀವು ಏರಿಸೂದು, ನಾ ಇಳಿಸೂದು. ನಾ ಇಳಿಸಾಕ ಕೊಟ್ಟಿದ್ದು ಕೆಮ್ಮು ತರೂದು, ಅದಕ್ಕ ನೀವು ಮತ್ತ ಇದನ್ನ ಕೊಡೂದು. ಇಬ್ಬರೂ ಕೂಡಿ ಯಜಮಾನ್ರನ್ನ ಗಾಣದೆತ್ತು ಮಾಡೇವಿ."

ಈಗ ತಿರುಗುವ ಸರದಿ ನನ್ನದು. ತಿರುಗಿದೆ. ಅವ್ವ ಅದೇ ಕ್ಯಾಲೆಂಡರ್ ನೋಡುತ್ತಿದ್ದಳು. ನಾನು ನಗು ತಡೆಯಲಾರದೆ ಕಿಸಕ್ಕೆಂದೆ, ಅವಳೂ ಸೆರಗು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ಬೇರೆ ಜಾತಿಯ ಗುಳಿಗೆ ಬರೆದರು. ನಮ್ಮಷ್ಟಕ್ಕೆ ನಾವೇ ಬಿಡಬಾರದು, ಬಿಟ್ಟರೆ ಅಪಾಯ, ಬೇರಾಗಲಿ ಬೀಜವಾಗಲಿ ಬಾಯಿಗೆ ಹೋಗುವುದನ್ನೆಲ್ಲ ತಮ್ಮ ಮುಂದೆ ಹೇಳಬೇಕು ಎಂದು ಎಲ್ಲರಿಗೂ ಕೂಡಿಯೇ ಬೈದರು. ಗುಣ ಮಾಡುವ ಶಕ್ತಿ ಇದ್ದದ್ದಕ್ಕೆ ಕಾಡುವ ಶಕ್ತಿಯೂ ಇರುತ್ತದೆ, ಅದು ಗಿಡದ್ದಾದರೇನು, ಕಾರ್ಖಾನೆಯದ್ದಾದರೇನು ಅಂದರು. ನಾನೂ ಅವ್ವನೂ ತಲೆಯಾಡಿಸಿದೆವು. ಅಪ್ಪ ಮಾತ್ರ ಕುರ್ಚಿಯ ತುದಿಗೆ ಬಂದು ಕೂತಿದ್ದ.

"ಹಂಗಾದ್ರ ಸಾಹೇಬ್ರ... ಮೆಣಸಿನಕಾಯಿದು?"

"ಅದು ಪಾಪ, ಏನೂ ಮಾಡಿಲ್ಲರಿ. ಧೂಳು ಭಾಳ ಎದ್ದಾಗ ಮೂಗಿಗೆ ಒಂದು ವಸ್ತ್ರ ಕಟಗೋರಿ. ಕೆಮ್ಮು ಹೋದ ಮ್ಯಾಲೆ ಗಾದಿಗೆ ಹೋಗ್ರಿ, ಯಾರು ಬ್ಯಾಡ ಅಂದ್ರು?"

ಅಪ್ಪನ ಕಣ್ಣು ತುಂಬಿ ಬಂದವು. ಸಾಕಿ ಸಲಹಿದ ಮಗನ ಮೇಲಿನ ಕಳ್ಳತನದ ಆರೋಪ ಸುಳ್ಳಾದರೆ ತಂದೆಗೆ ಹೀಗೇ ಆಗುತ್ತದೇನೋ. ಎದ್ದು ಡಾಕ್ಟರಿಗೆ ಎರಡೂ ಕೈ ಮುಗಿದ.

ಕೆಮ್ಮು ಒಮ್ಮೆಗೇ ಹೋಗಲಿಲ್ಲ. ನನ್ನ ಮನೆಯಲ್ಲೇ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ, ಶಿವರಾತ್ರಿಯ ಸುಮಾರಿಗೆ ಒಂದು ದಿನ ಯಾರೂ ಕೆಮ್ಮಿದ್ದು ಕೇಳಲಿಲ್ಲ. ಬಿ.ಪಿ.ಯೂ ಇಳಿದಿತ್ತು. ಪಕ್ಕದ ಮನೆಯಿಂದ ಖಾರಪುಡಿಯ ಡಬ್ಬಿ ವಾಪಸ್ ಬಂತು, ನನ್ನ ಗಂಡ ಅದಕ್ಕೆ ಊದಿನಕಡ್ಡಿ ಬೆಳಗಿದರು. ಅವ್ವ ಹನುಮಪ್ಪನದೇ ಕೃಪೆ ಎಂದು ಹರಕೆ ತೀರಿಸಿ ಬಂದಳು. ಅದಕ್ಕೆ ಯಾವ ಅಡ್ಡ ಪರಿಣಾಮವೂ ಕಾಣಲಿಲ್ಲವಾದ್ದರಿಂದ ನಾನೂ ಸುಮ್ಮನಿದ್ದೆ.

ಮಾರ್ಕೆಟ್ಟಿನ ದಿನವೇ ಅಪ್ಪನನ್ನು ಕರೆದುಕೊಂಡು ಹೋದೆವು. ಅಂಗಡಿಯಲ್ಲಿ ಆಗಷ್ಟೇ ಚೀಲಗಳು ಇಳಿದಿದ್ದವು. ಅಪ್ಪ ಚಪ್ಪಲಿ ಕಳಚಿ, ಮೊದಲು ಕಂಡ ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದ. ಕಿವಿಯ ಹತ್ತಿರ ಅಲುಗಾಡಿಸಿದ. ಮುರಿದ. ಮೂಗಿಗೆ ಹಿಡಿದು ಎದೆ ತುಂಬ ಉಸಿರೆಳೆದ. ಅಣ್ಣ, ಹಮಾಲರು, ರೈತರು, ಅವ್ವ, ನಾನು, ಎಲ್ಲರೂ ಅವನ ಗಂಟಲನ್ನೇ ನೋಡುತ್ತ ನಿಂತೆವು.

ಅಪ್ಪನ ಮುಖ ಸೊಟ್ಟಗಾಯಿತು, ಕಣ್ಣು ಮುಚ್ಚಿದವು, ಆಮೇಲೆ ಅಂಗಡಿಯ ತಗಡು ಹಾರುವಂಥ ಒಂದು ಸೀನು! ಹಿಂದೆಯೇ ಇನ್ನೊಂದು. ನಾವು ಕಾದೆವು. ಕೆಮ್ಮು ಬರಲಿಲ್ಲ.

"ಇದು ನಂದು!" ಎಂದು ಅಪ್ಪ ಮೂಗು ಒರೆಸಿಕೊಂಡ. "ಗುಳಿಗೀದಲ್ಲ, ಬೇರಿಂದಲ್ಲ. ಇದು ನನ್ನ ಸ್ವಂತ ಸೀನು. ಏಳಪಾ, ಸರದು ಕುಂದ್ರು." ಅಣ್ಣ ನಗುತ್ತ ಗಾದಿ ಬಿಟ್ಟು ಸರಿದ. ಅಪ್ಪ ತನ್ನ ಜಾಗದಲ್ಲಿ ಕೂತು ಟೊಪ್ಪಿಗೆ ಸರಿಮಾಡಿಕೊಂಡು, ಎದುರಿಗಿದ್ದ ರೈತನನ್ನು "ಬರ್ರಿ, ಈ ಸಲ ಬಣ್ಣ ಭಾಳ ಛಲೋ ಬಂದೈತಿ" ಎಂದು ಕರೆದ.

ನನ್ನ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು, ಪಕ್ಕದಲ್ಲಿ ಅವ್ವನದೂ ಅದೇ ಕಥೆ. ನಾವು ಒರೆಸಿಕೊಳ್ಳಲೂ ಹೋಗಲಿಲ್ಲ. ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಅದು ಯಾಕೆಂದು ಯಾರೂ ಕೇಳುವುದಿಲ್ಲ.