ಗಾಳಿ ಹೊಡೆಯುವ ಪಂಪು

೧೯೩೮ರಲ್ಲಿ ಓದು ಬಿಟ್ಟೆ. ಆಗ ಮಂಡ್ಯದ ಸೈಕಲ್ ಅಂಗಡಿಯೊಂದು ನನ್ನ ಠಿಕಾಣಿ. ಅಲ್ಲಿ ಹರಟೆಗೆ ಕೂತವರೆಲ್ಲ ಬಂದ ಸೈಕಲ್ಲಿಗೆ ಗಾಳಿ ಹೊಡೆಯಬೇಕು, ಅದು ವಾಡಿಕೆ.

ಒಂಬತ್ತು ವರ್ಷದ ಮೇಲೆ, ನನ್ನ ಏಳಿಗೆ ಹೇಳಿಕೊಳ್ಳಲು ಕೋಟು ತೊಟ್ಟು, ಸ್ಟೇಷನ್ನಿನಿಂದ ಹಳೆಯ ಬೀದಿಗಳನ್ನೆಲ್ಲ ನೋಡುತ್ತ ಅಲ್ಲಿಗೆ ನಡೆದೆ. ಅಂಗಡಿಯ ಸಾಬರು "ಏನ್ಲಾ, ಬದುಕಿದ್ದೀಯಾ?" ಎಂದು ಬೈಯುತ್ತಾರೆಂದುಕೊಂಡಿದ್ದೆ. ಅವರು ಸ್ಟೂಲು ಒರೆಸಿ, "ಬನ್ನಿ ಸಾಮಿ, ಕುಂತ್ಕಳಿ" ಎಂದರು.

ಗುರುತು ಸಿಗಲೆಂದು ಪಂಪಿಗೆ ಕೈ ಹಾಕಿದೆ.

"ಬುಡಿ ಸಾಮಿ, ಕೋಟು ಮಸಿ ಆಯ್ತದೆ. ನಿಮ್ಮಂತೋರ ಕೆಲ್ಸ ಅಲ್ಲ ಇದು."

ನಾನು ಯಾರೆಂದು ಹೇಳಲು ನಾಚಿಕೆಯಾಯಿತು. ಪಕ್ಕದ ಮದ್ದೂರಿನಲ್ಲೇ ಇದ್ದೂ ಒಮ್ಮೆಯೂ ಅವರನ್ನು ನೋಡಲು ಬಂದಿರಲಿಲ್ಲ. ಸುಮ್ಮನೆ ಎದ್ದು ಬಂದೆ. ಹೇಳಬೇಕೆಂದಿದ್ದದ್ದು ಇಷ್ಟೆ: ನನಗೀಗ ಎರಡು ಲಾರಿ, ಒಂದು ಹಂಚಿನ ಮನೆ, ನಾಲ್ಕು ಎಕರೆ ಗದ್ದೆ ಇದೆ.