ಹಪ್ಪಳ ಒತ್ತುವ ಕೈಗಳಿಗೆ ಓದಿದ ಕವಿತೆ

ಗೌರಕ್ಕ ಕವಿತೆ ಓದುವಾಗ ಕೇಳುವವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು.

ಶಿರಸಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಅವರ ತಾರಸಿಯ ಮೇಲೆ ಸೇರಿ ಹಲಸಿನ ಹಪ್ಪಳ ಮಾಡುತ್ತಿದ್ದೆವು. ನಾವು ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುತ್ತಿದ್ದರೆ, ಗೌರಕ್ಕ ಸೊಂಟದಿಂದ ಹಳೆಯ ಮದುವೆ ಕರೆಯೋಲೆಯೊಂದನ್ನು ತೆಗೆಯುತ್ತಿದ್ದರು. ಅವರು ಬರೆಯುತ್ತಿದ್ದುದೆಲ್ಲ ಅಂಥವುಗಳ ಹಿಂಬದಿಗೇ. ಓದುವಾಗ ನಾವು ಬೇಕೆಂದು ಕೆಲಸ ನಿಲ್ಲಿಸುವಂತಿಲ್ಲ. ತಾನಾಗಿ ಯಾರದಾದರೂ ಕೈ ನಿಂತರೆ ಆ ಕವಿತೆ ಉಳಿಯಿತು. ಇಲ್ಲವಾದರೆ ಬಚ್ಚಲ ಒಲೆಗೆ.

"ಮುಖ ಸುಳ್ಳು ಹೇಳ್ತು ತಂಗಿ, ಕೈ ಹೇಳ್ತಿಲ್ಲೆ," ಎನ್ನುತ್ತಿದ್ದರು ನನಗೆ.

ಬನವಾಸಿ ಕಡೆಯಿಂದ ಬಂದ ಎದುರುಮನೆ ಬಸಮ್ಮ ಮಾತ್ರ ಬಗ್ಗುವವಳಲ್ಲ. "ಕವಿತಾ ಕೇಳಿ ಕೈ ನಿಲ್ಲಿಸಿದ್ರ ಈ ಹಿಟ್ಟು ಯಾರ ಒತ್ತಬೇಕ್ರಿ ಗೌರಕ್ಕಾ?"

"ನಿನ್ನ ಕೈ ಒಂದ್ಸಲ ನಿಂತ್ರೆ ಸಾಕು ಮಾರಾಯ್ತಿ, ಯಂಗೆ ಪ್ರಶಸ್ತಿ ಬಂದಾಂಗೆ!"

ಒಮ್ಮೆ ಯಲ್ಲಾಪುರದ ಕವಿಗೋಷ್ಠಿಯಿಂದ ಶಾಲು ಹೊದ್ದು, ಸಪ್ಪೆ ಮುಖ ಮಾಡಿಕೊಂಡು ಬಂದರು. ಕೇಳಿದರೆ, "ಚಪ್ಪಾಳೆ ಬಿತ್ತು. ಖಾಲಿ ಕೂತ ಕೈಗೆ ಚಪ್ಪಾಳೆ ತಟ್ಟಲೆ ಎಂತ ಕಷ್ಟ?" ಎಂದು ಆ ಶಾಲನ್ನು ಹಪ್ಪಳದ ಡಬ್ಬಿಗೆ ಸುತ್ತಿಟ್ಟರು.

ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಹೋಯಿತು. ಪಿಸುಮಾತಷ್ಟೇ ಉಳಿದದ್ದು. ಆ ಬೇಸಿಗೆ ಅವರ ಸಂಕಲನ ಅಚ್ಚಿಗೆ ಹೋಗುವುದಿತ್ತು, ಒಂದು ಕವಿತೆ ಮಾತ್ರ ಬಾಕಿ. ತ್ಯಾಗಲಿಯ ತವರಿನಲ್ಲಿ ಚಿಕ್ಕಂದಿನಲ್ಲೇ ತೀರಿಹೋದ ತಂಗಿಯ ಮೇಲಿನದು. ಆ ತಂಗಿಯ ಬಗ್ಗೆ ಅದುವರೆಗೆ ಬರೆದದ್ದೆಲ್ಲ ಒಲೆ ಸೇರಿತ್ತು. ಕರೆಯೋಲೆಯನ್ನು ನನ್ನ ಕೈಗಿಟ್ಟು ಪಿಸುಗುಟ್ಟಿದರು: "ನೀ ಓದು."

ಕಾನ್ವೆಂಟಿನಲ್ಲಿ ಕಲಿಸಿದ್ದ ಹಾಗೆ ಎದ್ದು ನಿಂತೆ, ಬೆನ್ನು ನೆಟ್ಟಗೆ ಮಾಡಿ, ಒಂದಕ್ಷರವೂ ತಪ್ಪದಂತೆ ಓದಿದೆ. ಮಣೆಗಳ ಸದ್ದು ನಿಲ್ಲಲೇ ಇಲ್ಲ.

"ಚಲೋ ಐತ್ರಿ," ಎಂದಳು ಬಸಮ್ಮ, ಒತ್ತುತ್ತಲೇ.

ಗೌರಕ್ಕ ಕಾಗದಕ್ಕಾಗಿ ಕೈ ಚಾಚಿದರು. ನಾನು ಕೊಡಲಿಲ್ಲ. "ಇದು ಒಲೆಗೆ ಹೋಗುವುದು ಬೇಡ ಗೌರಕ್ಕ. ಇನ್ನೊಂದು ಸಲ ಓದುತ್ತೇನೆ."

ಅವರು ನನ್ನನ್ನೇ ನೋಡಿದರು. ಆಮೇಲೆ, "ನಿಂತು ಓದಡ, ಕೂತ್ಗ. ಹಿಟ್ಟು ಹಿಡ್ಕ," ಎಂದು ನನ್ನ ಅಂಗೈಗೆ ಒಂದು ಉಂಡೆ ಹಾಕಿದರು.

ಚಾಪೆಯ ಅಂಚಿನಲ್ಲಿ ಕೂತು, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು, ಉಂಡೆ ಹೊರಳಿಸುತ್ತ ಓದತೊಡಗಿದೆ. ಕವಿತೆಯಲ್ಲಿ ಆ ಪುಟ್ಟ ಹುಡುಗಿ ಉಳಿದ ಚೂರು ಹಿಟ್ಟಿನಿಂದ ತನ್ನದೇ ಹಪ್ಪಳ ಮಾಡಿ ಚಾಪೆಯ ಮೂಲೆಯಲ್ಲಿಡುತ್ತಾಳೆ. ಕೊನೆಯ ಸಾಲು, 'ಮೂಲೆಯ ಪುಟ್ಟ ಹಪ್ಪಳವೇ ಮೊದಲು ಒಣಗುತ್ತದೆ.' ಅಲ್ಲಿಗೆ ಬರುವಾಗ ನನ್ನ ಬೆರಳುಗಳೇ ನಿಂತಿದ್ದವು. ತಲೆಯೆತ್ತಿದರೆ ಬಸಮ್ಮನ ಎರಡೂ ಅಂಗೈ ಮಣೆಯ ಮೇಲೆ ಹಾಗೇ ಇವೆ. ಕಾಗೆಯೊಂದು ಬಂದು ಹಪ್ಪಳ ಕಚ್ಚಿಕೊಂಡು ಹಾರಿತು. ಯಾರೂ ಹುಶ್ ಎನ್ನಲಿಲ್ಲ.

"ಕಾಗೆ ಒಯ್ತು ನೋಡ್ರೇ!" ಎಂದು ಪಿಸುಗುಟ್ಟಿ ಗೌರಕ್ಕ ದನಿಯಿಲ್ಲದೆ ಮೈ ಕುಲುಕಿ ನಕ್ಕರು. ಕಣ್ಣೊರೆಸಿಕೊಂಡದ್ದು ಸೆರಗಿನಿಂದಲ್ಲ, ಹಿಟ್ಟಿನ ಕೈಯ ಹಿಂಬದಿಯಿಂದ. ಹುಬ್ಬಿಗೆ ಹಿಟ್ಟು ಮೆತ್ತಿಕೊಂಡಿತು.

ಆ ತಂಗಿ ಪುಸ್ತಕದ ಕೊನೆಯ ಪುಟ ಸೇರಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಗೌರಕ್ಕ ಹೋಗಿಬಿಟ್ಟರು.

ಈ ಬೇಸಿಗೆಯೂ ಅದೇ ತಾರಸಿಯಲ್ಲಿ ಸೇರಿದೆವು. ಮಧ್ಯಾಹ್ನದೊಳಗೇ ಹಿಟ್ಟೆಲ್ಲ ಮುಗಿದು ಚಾಪೆ ತುಂಬಿತು. ಬೇಗ ಮುಗಿಯಿತೆಂದು ಯಾರಿಗೂ ಖುಷಿಯಾಗಲಿಲ್ಲ. ಬಸಮ್ಮ ಮಣೆ ಒರೆಸಿಟ್ಟು ಚಾಪೆಯ ಕಡೆ ನೋಡುತ್ತ ಕೂತಳು.

"ಈ ಸಲ ಕಾಗಿ ಒಂದೂ ಒಯ್ಲಿಲ್ಲ ನೋಡ್ರಿ," ಎಂದಳು.